ಬಿನ್ ಹಿಡಿದು ಹಿಂದಕ್ಕೆ

ಮುತ್ತಾತನ ಅಪ್ಪ ಯಾರೆಂದು ಹುಡುಕಹೊರಟವರಿಗೆ ಹಳೇ ಮೈಸೂರು ಸೀಮೆಯಲ್ಲಿ ಸಿಗುವ ಮೊದಲ ದಾರ 'ಬಿನ್'. ಕೆಂಪಯ್ಯ ಬಿನ್ ಸಿದ್ದಯ್ಯ ಎಂದರೆ ಸಿದ್ದಯ್ಯನ ಮಗ ಕೆಂಪಯ್ಯ. ಪಹಣಿಯಲ್ಲೊಂದು ಬಿನ್, ಅದಕ್ಕೂ ಹಳೆಯ ಕ್ರಯಪತ್ರದಲ್ಲೊಂದು ಬಿನ್. ಒಂದೊಂದಕ್ಕೂ ಒಂದು ತಲೆಮಾರು ಹಿಂದೆ ಸರಿಯಬಹುದು. ಆದರೆ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ರೂಢಿ ಇಲ್ಲಿ ಚೆನ್ನಾಗಿ ಆಟವಾಡಿಸುತ್ತದೆ. ಕೆಂಪಯ್ಯನ ಮಗ ಸಿದ್ದಯ್ಯ, ಸಿದ್ದಯ್ಯನ ಮಗ ಮತ್ತೆ ಕೆಂಪಯ್ಯ. ಕೈಲಿರುವ ಕಾಗದ ತಾತನದೋ ಮೊಮ್ಮಗನದೋ?

ತಾರೀಖು ನೋಡೋಣವೆಂದರೆ ಅದೂ ಸುತ್ತು ಹೊಡೆಯುತ್ತದೆ. ಹಳೆಯ ಪತ್ರಗಳಲ್ಲಿ ಎಷ್ಟೋ ಸಲ ಇರುವುದು ಬರೀ ಸಂವತ್ಸರ. ಧಾತು ಎಂದರೆ 1816–17 ಆಗಬಹುದು, 1876–77 ಕೂಡ ಆಗಬಹುದು. ತಾತ ಮೊಮ್ಮಗನ ಅಂತರವೂ ಹೆಚ್ಚುಕಡಿಮೆ ಅಷ್ಟೇ ಇರುವುದು ಎಂಥ ಕುಚೇಷ್ಟೆ! ಶಾಲಿವಾಹನ ಶಕವನ್ನೂ ಬರೆದಿದ್ದರೆ ನಿಮ್ಮ ಪುಣ್ಯ, 78 ಕೂಡಿಸಿದರೆ ಮುಗಿಯಿತು. 1860ರ ದಶಕದ ಕಂದಾಯ ಸರ್ವೆ, ಇನಾಂ ವಿಚಾರಣೆಯ ಕಾಗದಗಳು ಹೆಚ್ಚು ಭರವಸೆಯವು. ಹೊಲವೇ ಇಲ್ಲದವನ ಹೆಸರು ಮಾತ್ರ ಅಲ್ಲೂ ಇಲ್ಲ.

ಆಮೇಲೆ ಬಂತು ಧಾತು–ಈಶ್ವರ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷಕ್ಕೂ ಹೆಚ್ಚು. 1881ರಲ್ಲಿ ಸುಮಾರು 42 ಲಕ್ಷ. ಗಣತಿಯ ವರದಿ ತಲೆ ಎಣಿಸಿತೇ ಹೊರತು ಹೆಸರು ಅಚ್ಚು ಹಾಕಲಿಲ್ಲ. ಊರು ಬಿಟ್ಟವರ ಬಿನ್ ಅಲ್ಲಿಗೇ ತುಂಡಾಯಿತು.

ಅಲ್ಲಿಂದಾಚೆಗೆ ಹೆಳವನೇ ಗತಿ. ಹಿಂದೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸಿಕೊಂಡು ಒಕ್ಕಲುಮನೆಗಳಿಗೆ ಬರುತ್ತಿದ್ದ. ಯಾವ ಊರಿಂದ ಬಂದಿರಿ, ಅಣ್ಣತಮ್ಮಂದಿರು ಎಲ್ಲಿ ಕವಲೊಡೆದಿರಿ, ಎಲ್ಲ ಒಪ್ಪಿಸಿ ದವಸ, ಬಟ್ಟೆ ಪಡೆಯುತ್ತಿದ್ದ. ಕೊಡುವವರನ್ನು ಹೊಗಳುವುದು ಅವನ ಕಸುಬು. ಆದ್ದರಿಂದ ಮೂಲಪುರುಷ ಮಹಾಶೂರನಾಗಿದ್ದ ಎಂಬ ಮೇಲ್ತುದಿಯನ್ನು ನಾನು ನಂಬುವುದಿಲ್ಲ. ಕೆಳಗಿನ ನಾಲ್ಕೈದು ತಲೆಮಾರನ್ನು, ಅದರಲ್ಲೂ ವಲಸೆಯ ದಾರಿಯನ್ನು, ಧಾರಾಳವಾಗಿ ನಂಬುತ್ತೇನೆ. ಜಮೀನು ಕಾಗದಕ್ಕೆ ಆ ದಾರಿ ಗೊತ್ತಿಲ್ಲ.

ಹೆಣ್ಣುಮಕ್ಕಳ ಹೆಸರಿನ ಮುಂದೆ ಸಾಮಾನ್ಯವಾಗಿ ಬಿನ್ ಇರುವುದಿಲ್ಲ, 'ಕೋಂ' ಇರುತ್ತದೆ. ಕೋಂ ಆದ ಮೇಲೆ ಗಂಡನ ಹೆಸರು. ಮುತ್ತಜ್ಜಿಯ ಅಪ್ಪ ಯಾರೆಂದು ಈ ಕಾಗದ ಹೇಳದು. ಅವಳ ತವರೂರು ಹುಡುಕಿ, ಆ ಮನೆತನದ ಹೆಳವನ ಮುಂದೆ ಕೂರಬೇಕು. ಅವನು ಮೊದಲು ಕೇಳುವುದು: "ಆಯಮ್ಮನ ಅಣ್ಣತಮ್ಮಂದಿರ ಹೆಸರು ಹೇಳಿ ಸ್ವಾಮಿ."