ಜರ್ನೈಲ್ ಸಿಂಗ್: ರಕ್ಷಕನಿಂದ ಶಿಕ್ಷಕನವರೆಗೆ

ಫುಟ್‌ಬಾಲ್ ಆಟದಲ್ಲಿ ಗೋಲು ಹೊಡೆದವನ ಹೆಸರು ಜನರ ಬಾಯಲ್ಲಿ ನಿಲ್ಲುವಂತೆ ಗೋಲನ್ನು ತಡೆದವನ ಹೆಸರು ನಿಲ್ಲುವುದಿಲ್ಲ. ಹೊಡೆದದ್ದಕ್ಕೆ ಲೆಕ್ಕವುಂಟು; ತಡೆದದ್ದಕ್ಕೆ ಲೆಕ್ಕವಿಡುವವರಿಲ್ಲ. ಈ ಸಾಮಾನ್ಯ ನಿಯಮಕ್ಕೆ ಅಪವಾದವಾಗಿ ನಿಂತ ಭಾರತೀಯರು ಕೆಲವರೇ. ಅವರಲ್ಲಿ ಜರ್ನೈಲ್ ಸಿಂಗ್ ಧಿಲ್ಲೋನ್ ಅಗ್ರಗಣ್ಯರು. ಏಷ್ಯ ಖಂಡದಲ್ಲೇ ಶ್ರೇಷ್ಠ ರಕ್ಷಕರೆಂದು ಹೆಸರಾದ ಇವರು ಮುಂದೆ ಶಿಕ್ಷಕರಾಗಿ ತಮ್ಮ ಪ್ರಾಂತದ ತಂಡವನ್ನು ಕಟ್ಟಿದರು. ಆ ತಂಡವು ರಾಷ್ಟ್ರೀಯ ಪ್ರಶಸ್ತಿಯನ್ನು ಮೊದಲ ಬಾರಿ ಗೆದ್ದುದು ಮೈಸೂರು ತಂಡವನ್ನು ಸೋಲಿಸಿ. ಆದುದರಿಂದ ಅವರ ಚರಿತ್ರೆಯು ಕನ್ನಡಿಗರಿಗೂ ಸಂಬಂಧಿಸಿದ್ದಾಗಿದೆ.

ದೆಹಲಿಯಲ್ಲಿ ನೆಲೆಸಿದವರಿಗೆ ಈ ಆಟಗಾರರ ಪರಿಚಯವಾದದ್ದು ಡ್ಯೂರಾಂಡ್ ಪಂದ್ಯಾವಳಿಯ ಮೂಲಕ. ೧೮೮೮ರಲ್ಲಿ ಸಿಮ್ಲಾದಲ್ಲಿ ಪ್ರಾರಂಭವಾದ ಈ ಪಂದ್ಯಾವಳಿಯು ೧೯೪೦ರಲ್ಲಿ ರಾಜಧಾನಿಗೆ ಬಂದಿತು. ಹಳೆಯ ದೆಹಲಿಯೂ ಹೊಸ ದೆಹಲಿಯೂ ಸೇರುವ ದೆಹಲಿ ಗೇಟಿನ ಬಳಿ, ಫಿರೋಜ್ ಷಾ ಕೋಟ್ಲಾದ ಮಗ್ಗುಲಲ್ಲಿ, ಇಂದು ಅಂಬೇಡ್ಕರ್ ಹೆಸರನ್ನು ಹೊತ್ತಿರುವ ಕ್ರೀಡಾಂಗಣವು ಬಹುಕಾಲ ಅದರ ನೆಲೆಯಾಗಿತ್ತು. ಕಲ್ಕತ್ತೆಯ ಮೋಹನ್ ಬಗಾನ್ ಸಂಘವು ೧೯೫೯ರಲ್ಲಿ ಡ್ಯೂರಾಂಡ್ ಕಪ್ ಗೆದ್ದಿತು. ೧೯೬೦ರಲ್ಲಿ ಅದನ್ನು ಈಸ್ಟ್ ಬೆಂಗಾಲಿನೊಡನೆ ಹಂಚಿಕೊಂಡಿತು. ೧೯೬೩, ೧೯೬೪, ೧೯೬೫ ಈ ಮೂರು ವರ್ಷಗಳಲ್ಲಿ ಎಡೆಬಿಡದೆ ಗೆದ್ದಿತು. ಜರ್ನೈಲ್ ಸಿಂಗರು ಆ ಸಂಘದ ರಕ್ಷಣಾಪಂಕ್ತಿಯ ಆಧಾರವಾಗಿದ್ದ ಕಾಲವೂ ಇದೇ. ದೇಶ ವಿಭಜನೆಯಲ್ಲಿ ಮನೆಮಾರು ಕಳೆದುಕೊಂಡು ಬಂದ ಪಂಜಾಬಿಗಳಿಂದ ತುಂಬಿದ್ದ ಆಗಿನ ದೆಹಲಿಯು ಇವರನ್ನು ಪರಕೀಯರೆಂದು ಎಣಿಸಲು ಕಾರಣವಿರಲಿಲ್ಲ. ಇವರೂ ಅದೇ ದಾರಿಯಲ್ಲಿ ಬಂದವರು.

ಜರ್ನೈಲ್ ಸಿಂಗರು ಜನಿಸಿದುದು ೧೯೩೬ರ ಫೆಬ್ರವರಿ ೨೦ರಂದು, ಇಂದು ಪಾಕಿಸ್ತಾನಕ್ಕೆ ಸೇರಿರುವ ಲಾಯಲ್‌ಪುರ ಪ್ರಾಂತದಲ್ಲಿ. ೧೯೪೭ರಲ್ಲಿ ಅವರ ಕುಟುಂಬವು ನಿರಾಶ್ರಿತವಾಗಿ ಭಾರತಕ್ಕೆ ಬಂದು ಹೋಷಿಯಾರ್‌ಪುರ ಜಿಲ್ಲೆಯಲ್ಲಿ ನೆಲೆಯೂರಿತು. ಆ ಜಿಲ್ಲೆಯ ಮಾಹಿಲ್‌ಪುರವು ಚಿಕ್ಕ ಊರಾದರೂ ಪಂಜಾಬಿನ ಫುಟ್‌ಬಾಲಿಗೆ ತೌರುಮನೆ. ಅಲ್ಲಿಯ ಖಾಲ್ಸಾ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಜರ್ನೈಲ್ ಸಿಂಗರ ಆಟವು ರೂಪುಗೊಂಡಿತು. ಆದರೆ ಅಂದಿನ ಭಾರತದಲ್ಲಿ ಫುಟ್‌ಬಾಲ್ ಆಟಗಾರನಿಗೆ ಕೀರ್ತಿ ಬರಬೇಕಾದರೆ ಕಲ್ಕತ್ತೆಯ ಮುದ್ರೆ ಬೀಳಲೇಬೇಕಾಗಿತ್ತು. ಅವರು ಮೊದಲು ಕಲ್ಕತ್ತೆಯ ರಾಜಸ್ಥಾನ್ ಕ್ಲಬ್ಬನ್ನು ಸೇರಿ, ೧೯೫೯ರಲ್ಲಿ ಮೋಹನ್ ಬಗಾನಿಗೆ ಬಂದು, ಸುಮಾರು ಒಂದು ದಶಕ ಅಲ್ಲಿಯೇ ಆಡಿದರು.

ಅವರ ಸ್ಥಾನವು ಸ್ಟಾಪರ್ ಎಂದು ಕರೆಯಲ್ಪಡುವಂಥದು. ಗೋಲಿಗಿಂತ ಮುಂದೆ, ರಕ್ಷಣಾಪಂಕ್ತಿಯ ನಡುವೆ ನಿಂತು ಎದುರಾಳಿಯ ಪ್ರಮುಖ ಫಾರ್ವರ್ಡನನ್ನು ತಡೆಯುವುದು ಈತನ ಕರ್ತವ್ಯ. ಇದಕ್ಕೆ ದೇಹಬಲ ಬೇಕೆಂಬುದು ಸ್ಪಷ್ಟ. ಆದರೆ ಬಲವೊಂದೇ ಸಾಲದು. ಜಾರುತ್ತ ಹೋಗಿ ಎದುರಾಳಿಯ ಕಾಲಿನಿಂದ ಚೆಂಡನ್ನು ಕಿತ್ತುಕೊಳ್ಳುವ ಸ್ಲೈಡಿಂಗ್ ಟ್ಯಾಕಲ್ ಎಂಬ ವಿದ್ಯೆಯಲ್ಲಿ ಕ್ಷಣಮಾತ್ರ ತಡವಾದರೆ ಕಾಲು ಚೆಂಡಿಗೆ ತಾಗದೆ ಆಳಿಗೆ ತಾಗುತ್ತದೆ. ಅದು ದಂಡಾರ್ಹವಾದ ತಪ್ಪು. ಮುಂಚಿತವಾಗಿ ಇಳಿದರೆ ಎದುರಾಳಿಯು ಸುಲಭವಾಗಿ ದಾಟಿ ಹೋಗುತ್ತಾನೆ, ರಕ್ಷಕನು ನೆಲದ ಮೇಲೆ ಉಳಿಯುತ್ತಾನೆ. ಜರ್ನೈಲ್ ಸಿಂಗರ ಖ್ಯಾತಿಯು ಬಹುಮಟ್ಟಿಗೆ ಈ ವಿದ್ಯೆಯನ್ನೇ ಅವಲಂಬಿಸಿತ್ತು. ಅವರ ಆಟವು ಕಠಿಣವೆಂದು ಎದುರಾಳಿಗಳು ಹೆದರುತ್ತಿದ್ದುದು ನಿಜ. ಆದರೆ ಆ ಕಾಠಿಣ್ಯದ ಮೂಲವು ಒರಟುತನಕ್ಕಿಂತ ಹೆಚ್ಚಾಗಿ ಕಾಲಜ್ಞಾನದಲ್ಲಿತ್ತು.

೧೯೬೦ರ ರೋಮ್ ಒಲಿಂಪಿಕ್ಸಿನಲ್ಲಿ ಅವರು ಭಾರತದ ಪರವಾಗಿ ಆಡಿದರು. ಆ ಕೂಟದಲ್ಲಿ ಭಾರತವು ಫ್ರಾನ್ಸಿನೊಡನೆ ೧-೧ರಲ್ಲಿ ಸಮ ಮಾಡಿಕೊಂಡಿತು. ಹಂಗೆರಿಗೆ ೧-೨ರಲ್ಲಿ ಮಾತ್ರ ಸೋತಿತು. ಆದರೆ ಅವರ ಹೆಸರನ್ನು ಚಿರಸ್ಥಾಯಿಯಾಗಿಸಿದುದು ೧೯೬೨ರ ಜಕಾರ್ತಾ ಏಷ್ಯನ್ ಕ್ರೀಡಾಕೂಟ. ತಾಯ್ಲೆಂಡಿನ ವಿರುದ್ಧದ ಪಂದ್ಯದಲ್ಲಿ ಅವರ ತಲೆಗೆ ಪೆಟ್ಟು ಬಿದ್ದು ಆರು ಹೊಲಿಗೆ ಹಾಕಬೇಕಾಯಿತು. ರಕ್ಷಕನು ಪದೇ ಪದೇ ತಲೆಯಿಂದ ಚೆಂಡನ್ನು ಹೊಡೆದು ಹೊರಗಟ್ಟಬೇಕು. ಗಾಯಗೊಂಡ ತಲೆಯಿಂದ ಅದು ಆಗದ ಕೆಲಸ. ತಂಡದ ಶಿಕ್ಷಕರಾದ ಸೈಯದ್ ಅಬ್ದುಲ್ ರಹೀಮರು ಆಗ ಮಾಡಿದ ನಿರ್ಣಯವು ಸಾಹಸದ್ದು: ಅವರು ಜರ್ನೈಲ್ ಸಿಂಗರನ್ನು ಹಿಂದಿನಿಂದ ತೆಗೆದು ಫಾರ್ವರ್ಡ್ ಸ್ಥಾನಕ್ಕೆ ಕಳುಹಿಸಿದರು. ಉಪಾಂತ್ಯದಲ್ಲಿ ದಕ್ಷಿಣ ವಿಯೆಟ್ನಾಮಿನ ಮೇಲೆ ಬಂದ ೩-೨ರ ಜಯದಲ್ಲಿ ಅವರದೊಂದು ಗೋಲು. ಸೆಪ್ಟೆಂಬರ್ ೪ರ ಅಂತಿಮ ಪಂದ್ಯದಲ್ಲಿ ದಕ್ಷಿಣ ಕೊರಿಯದ ವಿರುದ್ಧ ಪಿ. ಕೆ. ಬ್ಯಾನರ್ಜಿಯವರು ಮೊದಲ ಗೋಲನ್ನೂ ಜರ್ನೈಲ್ ಸಿಂಗರು ಎರಡನೆಯದನ್ನೂ ಹೊಡೆದರು. ಇಸ್ರೇಲ್ ಮತ್ತು ತೈವಾನ್‌ಗಳಿಗೆ ಪ್ರವೇಶ ನಿರಾಕರಿಸಿದುದನ್ನು ಭಾರತೀಯ ಅಧಿಕಾರಿಯಾದ ಜಿ. ಡಿ. ಸೋಂಧಿಯವರು ಆಕ್ಷೇಪಿಸಿದ್ದರಿಂದ ಕೆರಳಿದ್ದ ಪ್ರೇಕ್ಷಕರ ಕೂಗಾಟದ ನಡುವೆಯೇ ಭಾರತವು ೨-೧ರಿಂದ ಗೆದ್ದು ಸ್ವರ್ಣಪದಕವನ್ನು ಪಡೆಯಿತು. ಅನಂತರ ಏಷ್ಯನ್ ಫುಟ್‌ಬಾಲಿನಲ್ಲಿ ಭಾರತಕ್ಕೆ ಆ ಪದವಿ ಮತ್ತೆ ದೊರೆತಿಲ್ಲ.

ಜಕಾರ್ತಾದ ಈ ಪ್ರಸಂಗವು ಒಂದು ಗಾಯಾಳುವಿನ ಧೈರ್ಯದ ಕಥೆಯಾಗಿ ಸಾಮಾನ್ಯವಾಗಿ ಹೇಳಲ್ಪಡುತ್ತದೆ. ಅದು ಶಿಕ್ಷಕನ ವಿವೇಕದ ಕಥೆಯೂ ಹೌದು. ವೃತ್ತಿಯಿಂದ ಶಾಲಾ ಉಪಾಧ್ಯಾಯರಾಗಿದ್ದ ರಹೀಮರು ಆಟಗಾರನನ್ನು ಅವನ ಸ್ಥಾನದಿಂದ ಅಳೆಯದೆ ಅವನ ಶಕ್ತಿಯಿಂದ ಅಳೆದರು. ಮರುವರ್ಷವೇ ಅವರು ತೀರಿಕೊಂಡರು. ಜರ್ನೈಲ್ ಸಿಂಗರಿಗೆ ೧೯೬೪ರಲ್ಲಿ ಅರ್ಜುನ ಪ್ರಶಸ್ತಿ ಬಂದಿತು. ಭಾರತದ ನಾಯಕತ್ವವೂ ಏಷ್ಯನ್ ಆಲ್ ಸ್ಟಾರ್ ತಂಡದ ನಾಯಕತ್ವವೂ ದೊರೆತವು. ಇಷ್ಟಕ್ಕೇ ಅವರು ನಿಂತಿದ್ದರೂ ಕೀರ್ತಿಗೆ ಕೊರತೆಯಿರುತ್ತಿರಲಿಲ್ಲ.

ಅವರು ನಿಲ್ಲಲಿಲ್ಲ. ಕಲ್ಕತ್ತೆಯನ್ನು ಬಿಟ್ಟು ಪಂಜಾಬಿಗೆ ಹಿಂದಿರುಗಿದರು. ಸಂತೋಷ್ ಟ್ರೋಫಿಯೆಂಬ ರಾಷ್ಟ್ರೀಯ ಪ್ರಶಸ್ತಿಯನ್ನು ಪಂಜಾಬು ಅದುವರೆಗೆ ಒಮ್ಮೆಯೂ ಗೆದ್ದಿರಲಿಲ್ಲ. ಮೈಸೂರಿನ ಸ್ಥಿತಿಯಾದರೋ ಬೇರೆ: ೧೯೪೬-೪೭, ೧೯೫೨-೫೩, ೧೯೬೭-೬೮, ೧೯೬೮-೬೯ ಹೀಗೆ ನಾಲ್ಕು ಬಾರಿ ಗೆದ್ದು ಬಂಗಾಳಕ್ಕೆ ಸರಿಸಾಟಿಯಾಗಿ ನಿಂತಿತ್ತು. ೧೯೭೦-೭೧ರಲ್ಲಿ ಜಾಲಂಧರದಲ್ಲಿ ಈ ಎರಡು ತಂಡಗಳೂ ಅಂತಿಮ ಪಂದ್ಯದಲ್ಲಿ ಸಂಧಿಸಿದವು. ಆಟಗಾರರೂ ಶಿಕ್ಷಕರೂ ಎರಡೂ ಆಗಿ ಜರ್ನೈಲ್ ಸಿಂಗರು ಪಂಜಾಬಿನೊಡನಿದ್ದರು. ಮೊದಲ ಪಂದ್ಯವು ೧-೧ರಲ್ಲಿ ಸಮವಾಯಿತು. ಮರುಪಂದ್ಯದಲ್ಲಿ ಮೈಸೂರು ೧-೩ರಿಂದ ಸೋತಿತು. ನಾಲ್ಕು ವರ್ಷಗಳ ಮೇಲೆ ೧೯೭೪-೭೫ರಲ್ಲಿ ಅದೇ ಊರಿನಲ್ಲಿ ಅವರ ಶಿಕ್ಷಣದಲ್ಲಿ ಪಳಗಿದ ಪಂಜಾಬು ಅಂತಿಮ ಪಂದ್ಯದಲ್ಲಿ ಬಂಗಾಳವನ್ನು ೬-೦ರಿಂದ ಸೋಲಿಸಿತು. ಆ ಪಂದ್ಯಾವಳಿಯಲ್ಲಿ ಇಂದರ್ ಸಿಂಗರೊಬ್ಬರೇ ೨೩ ಗೋಲುಗಳನ್ನು ಹೊಡೆದರು. ಜೀವಮಾನವೆಲ್ಲ ಗೋಲನ್ನು ತಡೆದವರ ಕೈಕೆಳಗೆ ಗೋಲುಗಳ ಮಳೆಯೇ ಸುರಿಯಿತು. ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಮುಂದೆ ಆಡುವವನ ಬೆನ್ನಿಗೆ ತನ್ನ ತಂಡದ ಬಹುಭಾಗವು ಬೀಳುತ್ತದೆ. ಹಿಂದೆ ನಿಂತ ಸ್ಟಾಪರನಿಗಾದರೋ ಇಡೀ ಆಟವು ಕಣ್ಣೆದುರಿಗಿರುತ್ತದೆ. ಯಾವ ಫಾರ್ವರ್ಡನನ್ನು ತಡೆಯುವುದು ಕಷ್ಟ, ಏತಕ್ಕೆ ಕಷ್ಟ ಎಂಬುದನ್ನು ತಡೆದವನಷ್ಟು ಬಲ್ಲವರಾರು?

ಮುಂದೆ ಅವರು ಪಂಜಾಬ್ ಸರ್ಕಾರದ ಕ್ರೀಡಾ ಇಲಾಖೆಯನ್ನು ಸೇರಿ ಅದರ ನಿರ್ದೇಶಕರಾದರು. ಕೊನೆಗಾಲದಲ್ಲಿ ಕೆನಡಕ್ಕೆ ಹೋಗಿ ನೆಲೆಸಿ, ೨೦೦೦ದ ಅಕ್ಟೋಬರ್ ೧೩ರಂದು ವ್ಯಾಂಕೂವರಿನಲ್ಲಿ ನಿಧನರಾದರು. ನಿರಾಶ್ರಿತರಾಗಿ ಪ್ರಾರಂಭವಾದ ಬಾಳು ಪ್ರವಾಸಿಯಾಗಿಯೇ ಮುಗಿಯಿತು.

ಈ ಚರಿತ್ರೆಯಿಂದ ಕನ್ನಡಿಗರು ಆಲೋಚಿಸಬೇಕಾದ ವಿಷಯವೊಂದುಂಟು. ಬೆಂಗಳೂರು ಸಹ ತನ್ನ ಆಟಗಾರರನ್ನು ಕಲ್ಕತ್ತೆಗೆ ಧಾರಾಳವಾಗಿ ಕೊಟ್ಟಿತು. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಆಡಿದ ಅಹಮದ್ ಖಾನ್ ಮತ್ತು ಧನರಾಜ್ ಇಬ್ಬರೂ ಈಸ್ಟ್ ಬೆಂಗಾಲಿನ ಪಂಚಪಾಂಡವರಲ್ಲಿ ಎಣಿಕೆಯಾದವರು. ಪ್ರತಿಭೆಯು ಹೊರಗೆ ಹೋಗುವುದನ್ನು ಯಾವ ನಾಡೂ ತಡೆಯಲಾರದು, ತಡೆಯಬೇಕಾಗಿಯೂ ಇಲ್ಲ. ಹೊರಗೆ ಕಲಿತದ್ದು ಊರಿಗೆ ಮರಳುವ ದಾರಿಯೊಂದು ಇದೆಯೇ ಎಂಬುದೇ ಪ್ರಶ್ನೆ. ಪಂಜಾಬಿಗೆ ಆ ದಾರಿಯನ್ನು ಒಬ್ಬ ರಕ್ಷಕನು ತೋರಿಸಿದನು. ೧೯೬೮-೬೯ರ ಜಯದ ತರುವಾಯ ಕರ್ನಾಟಕವು ಸಂತೋಷ್ ಟ್ರೋಫಿಯನ್ನು ಮತ್ತೆ ಎತ್ತಿ ಹಿಡಿದುದು ೨೦೨೩ರ ಮಾರ್ಚಿಯಲ್ಲಿ, ರಿಯಾದ್ ನಗರದಲ್ಲಿ, ಮೇಘಾಲಯವನ್ನು ೩-೨ರಿಂದ ಸೋಲಿಸಿ. ನಡುವೆ ಕಳೆದ ಅರ್ಧ ಶತಮಾನಕ್ಕೆ ಕಾರಣಗಳು ಹಲವಿರಬಹುದು. ಅವುಗಳನ್ನು ವಿವೇಚಿಸುವವರು ಜಾಲಂಧರದ ಆ ಎರಡು ಪಂದ್ಯಗಳನ್ನು ಮರೆಯುವಂತಿಲ್ಲ.