ಕಂಡರೂ ಗುರುತಿಸದ ಕಾರು



ಜುಲೈ 25 ಪ್ರಯಾಣಿಕರ ಪಾಲಕರಾದ ಸಂತ ಕ್ರಿಸ್ಟೋಫರರ ಹಬ್ಬ. ಅಂದು ನಾವು ವಾಹನಗಳನ್ನು ಆಶೀರ್ವಾದಕ್ಕೆ ತರುತ್ತೇವೆ. ಅಮೆರಿಕದ ಫೀನಿಕ್ಸ್‌ನಲ್ಲಿ 2020ರಿಂದ ಚಾಲಕರಿಲ್ಲದ ಟ್ಯಾಕ್ಸಿಗಳು ಓಡುತ್ತಿವೆ. ಅವುಗಳ ಹೊಣೆ ಯಾರದು?

2018ರ ಮಾರ್ಚ್ 18ರ ರಾತ್ರಿ ನೆರೆಯ ಟೆಂಪಿಯಲ್ಲಿ ಊಬರ್ ಕಂಪನಿ ಪರೀಕ್ಷಿಸುತ್ತಿದ್ದ ಸ್ವಯಂಚಾಲಿತ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಡಿಕ್ಕಿ ಹೊಡೆದು ಆಕೆ ಮೃತಪಟ್ಟರು. ಯಂತ್ರ ಆಕೆಯನ್ನು 5.6 ಸೆಕೆಂಡು ಮೊದಲೇ ಕಂಡಿತ್ತು, ಪಾದಚಾರಿಯೆಂದು ಗುರುತಿಸಲಿಲ್ಲ. ಕಾವಲಿಗೆ ಕುಳಿತಿದ್ದವರ ಕಣ್ಣು ಮೊಬೈಲಿನ ಮೇಲಿತ್ತು. ಶಿಕ್ಷೆ ಅವರಿಗಾಯಿತು, ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲಿಲ್ಲ.

ಸದಯ ಸಮಾರಿತನ ಸಾಮತಿಯಲ್ಲಿ ಯಾಜಕನೂ ಲೇವಿಯನೂ ಗಾಯಾಳುವನ್ನು ಕಂಡರು, ನೆರೆಯವನೆಂದು ಗುರುತಿಸಲಿಲ್ಲ. ಯಂತ್ರಕ್ಕೆ ಪಾಪವಿಲ್ಲ, ಪಶ್ಚಾತ್ತಾಪವೂ ಇಲ್ಲ. ತಯಾರಿಸುವವರು, ಅನುಮತಿ ಕೊಡುವವರು, ಏರಿ ಕೂರುವವರು, ಹೀಗೆ ಹೊಣೆಯೆಲ್ಲ ಮನುಷ್ಯರದೇ. ದಾರಿಹೋಕರಲ್ಲಿ ನೆರೆಯವರನ್ನು ಕಾಣುವ ಕಣ್ಣನ್ನು ಪ್ರಭುವಿನಲ್ಲಿ ಬೇಡೋಣ.