‘ಗೋಕರ್ಣದಲ್ಲಿ ಏನೇನು ನೋಡಬಹುದು?’ ಅಂತ ಕೇಳಿದವರಿಗೆ ಹೀಗೆ ಹೇಳಿ: ಎರಡು ದಿನದ ಪ್ಲ್ಯಾನ್, ಜೊತೆಗೆ ಜೀವ ಉಳಿಸುವ ಒಂದು ಮಾತು

ಕುಮಟಾ: ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟ ಬಸ್ಸುಗಳು ಶನಿವಾರ ಬೆಳಿಗ್ಗೆ ಗೋಕರ್ಣ ತಲುಪುತ್ತವೆ. ಬ್ಯಾಗ್ ಹೊತ್ತ ಹುಡುಗರು, ಮಕ್ಕಳನ್ನು ಎತ್ತಿಕೊಂಡ ಸಂಸಾರಸ್ಥರು ಇಳಿದ ಕೂಡಲೇ ಎದುರಿಗೆ ಸಿಕ್ಕ ಚಹಾ ಅಂಗಡಿಯವರನ್ನೋ ಆಟೋದವರನ್ನೋ ಕೇಳುವುದು ಒಂದೇ ಪ್ರಶ್ನೆ: “ಅಣ್ಣಾ, ಇಲ್ಲಿ ನೋಡೋಕೆ ಏನೇನಿದೆ?”

“ದೇವಸ್ಥಾನ ಇದೆ, ಓಂ ಬೀಚ್ ಇದೆ” ಅಂತ ಕೈ ತೋರಿಸಿ ನಾವು ನಮ್ಮ ಕೆಲಸಕ್ಕೆ ತಿರುಗುತ್ತೇವೆ. ಇದರಿಂದ ಎರಡು ನಷ್ಟ. ಎರಡೇ ಜಾಗ ನೋಡಿದವರು ಸಂಜೆಗೇ ಬಸ್ ಹತ್ತುತ್ತಾರೆ, ಒಂದು ರಾತ್ರಿಯ ವ್ಯಾಪಾರ ಹೋಯಿತು. ಅದಕ್ಕಿಂತ ದೊಡ್ಡದು ಇನ್ನೊಂದು: ಎಲ್ಲಿ ನೀರಿಗೆ ಇಳಿಯಬಹುದು, ಎಲ್ಲಿ ಇಳಿಯಬಾರದು ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಹಾಗಾಗಿ ನಮ್ಮ ತಾಲೂಕಿಗೆ ಬಂದವರಿಗೆ, ರಜೆಗೆ ಬರುವ ನೆಂಟರಿಗೂ ಸೇರಿ, ಏನು ಹೇಳಬಹುದು ಎಂಬ ಪಟ್ಟಿ ಇಲ್ಲಿದೆ.

ಮೊದಲು ಊರು, ಆಮೇಲೆ ಬೀಚು

ಮಹಾಬಲೇಶ್ವರ ದೇವಸ್ಥಾನಕ್ಕೆ ಬೆಳಿಗ್ಗೆಯೇ ಹೋಗಲು ಹೇಳಿ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಬಿಸಿಲಲ್ಲಿ ಬಂದು ವಾಪಸ್ ಹೋಗುವವರು ದಿನವೂ ಇದ್ದಾರೆ. ಬರ್ಮುಡಾ ಹಾಕಿಕೊಂಡು ಬಂದರೆ ಒಳಗೆ ಬಿಡುವುದಿಲ್ಲ, ಗಂಡಸರಿಗೆ ಪಂಚೆ ಬೇಕು. ಇದನ್ನು ರೂಮಿನಲ್ಲೇ ಹೇಳಿದರೆ ಅವರಿಗೂ ಓಡಾಟ ತಪ್ಪುತ್ತದೆ.

ರಾವಣ ತಂದ ಆತ್ಮಲಿಂಗವನ್ನು ಗಣಪತಿ ನೆಲಕ್ಕೆ ಇಟ್ಟ ಕಥೆ ನಮಗೆ ಬಾಯಿಪಾಠ, ಹೊರಗಿನವರಿಗೆ ಹೊಸದು. ಪಕ್ಕದಲ್ಲೇ ಮಹಾಗಣಪತಿ ಗುಡಿ. ಸಿಟ್ಟಿಗೆದ್ದ ರಾವಣ ತಲೆಗೆ ಹೊಡೆದ ಗುರುತು ಅಂತ ತೋರಿಸುವುದು ಇಲ್ಲಿಯೇ. ಅಲ್ಲಿಂದ ರಥಬೀದಿ, ಕೋಟಿತೀರ್ಥ. ಕೋಟಿತೀರ್ಥದ ಸುತ್ತ ಒಂದು ಸುತ್ತು ನಡೆದರೆ ಹಳೆಯ ಮನೆ, ಮಠ, ಗುಡಿ ಎಲ್ಲ ಕಾಣುತ್ತವೆ. ದುಡ್ಡು ಖರ್ಚಿಲ್ಲ, ಒಂದು ಗಂಟೆ ಸಾಕು.

ಐದು ಬೀಚು, ಐದು ಸ್ವಭಾವ

ಊರಿನ ಎದುರಿಗೆ ಇರುವುದು ಗೋಕರ್ಣ ಮುಖ್ಯ ಬೀಚ್. ಅಲ್ಲಿಂದ ದಕ್ಷಿಣಕ್ಕೆ ಸಾಲಾಗಿ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್. ವಯಸ್ಸಾದವರು, ಸಣ್ಣ ಮಕ್ಕಳು ಇದ್ದವರಿಗೆ ಮುಖ್ಯ ಬೀಚೇ ಸುಲಭ, ಗುಡ್ಡ ಹತ್ತಿ ಇಳಿಯುವ ಕೆಲಸ ಇಲ್ಲ. ಸಂಜೆ ಹೊತ್ತು ಮರಳಲ್ಲಿ ಕೂತು ಸೂರ್ಯ ಮುಳುಗುವುದನ್ನು ನೋಡಲು ಕುಡ್ಲೆ ಚೆನ್ನಾಗಿದೆ.

ಓಂ ಬೀಚಿನಲ್ಲಿ ಮಧ್ಯದ ಬಂಡೆ ಸಮುದ್ರಕ್ಕೆ ಚಾಚಿಕೊಂಡು ದಡವನ್ನು ಎರಡು ಬಾಗಿಲಿನಂತೆ ಬಾಗಿಸಿದೆ. ಮೇಲೆ ಗುಡ್ಡದಿಂದ ನೋಡಿದರೆ ಮಾತ್ರ ಓಂ ಆಕಾರ ಗೊತ್ತಾಗುತ್ತದೆ. ಕೆಳಗೆ ನಿಂತು “ಓಂ ಎಲ್ಲಿದೆ?” ಅಂತ ಹುಡುಕುವವರಿಗೆ ಇದನ್ನು ಹೇಳಿ. ಫೋಟೋ ಬೇಕಾದವರು ಮೆಟ್ಟಿಲು ಇಳಿಯುವ ಮುಂಚೆಯೇ ನಿಲ್ಲಲಿ.

ಹಾಫ್ ಮೂನ್, ಪ್ಯಾರಡೈಸ್‌ಗೆ ಗಾಡಿ ಹೋಗುವುದಿಲ್ಲ. ಗುಡ್ಡದ ಕಾಲುದಾರಿ, ಇಲ್ಲವೇ ದೋಣಿ. ಕುಡ್ಲೆಯಿಂದ ಪ್ಯಾರಡೈಸ್ ತನಕ ನಡೆಯಲು ಅರ್ಧ ದಿನ ಇಟ್ಟುಕೊಳ್ಳಬೇಕು. ಬೆಳಿಗ್ಗೆ ಬೇಗ ಹೊರಡಿ, ಚಪ್ಪಲಿ ಬೇಡ ಬೂಟು ಹಾಕಿ, ಒಬ್ಬರಿಗೆ ಎರಡು ಲೀಟರ್ ನೀರು ಇರಲಿ, ಕತ್ತಲಾಗುವ ಮುಂಚೆ ವಾಪಸ್ ಬನ್ನಿ. ಈ ನಾಲ್ಕು ಮಾತು ಹೇಳಿದರೆ ಸಾಕು. ದಾರಿ ಗುಡ್ಡದ ಅಂಚಿನಲ್ಲಿದೆ, ರಾತ್ರಿ ಟಾರ್ಚ್ ಇದ್ದರೂ ತಪ್ಪುತ್ತದೆ.

ಎರಡನೇ ದಿನ: ಉಪ್ಪು, ಹೊಳೆ, ಕೋಟೆ

ಬೀಚು ನೋಡಿ ಮುಗಿಯಿತು ಅಂದವರನ್ನು ಇನ್ನೊಂದು ದಿನ ಉಳಿಸಿಕೊಳ್ಳುವಷ್ಟು ನಮ್ಮ ತಾಲೂಕಿನಲ್ಲಿದೆ.

ಮಾದನಗೇರಿಯಿಂದ ಗೋಕರ್ಣಕ್ಕೆ ಬರುವ ದಾರಿಯಲ್ಲಿ ಸಾಣಿಕಟ್ಟಾ. ಮಳೆ ಹೋಗಿ ಗದ್ದೆ ಒಣಗಿದ ಮೇಲೆ ಸಮುದ್ರದ ನೀರನ್ನು ಕಟ್ಟಿ ಬಿಸಿಲಲ್ಲಿ ಉಪ್ಪು ಮಾಡುತ್ತಾರೆ. ಬೇಸಿಗೆಯಲ್ಲಿ ಬಿಳಿ ಗುಡ್ಡೆಗಳು ರಸ್ತೆಗೇ ಕಾಣುತ್ತವೆ. ಪ್ಯಾಕೆಟ್ ಉಪ್ಪು ಬಿಟ್ಟು ಬೇರೆ ನೋಡದ ಪೇಟೆ ಮಕ್ಕಳಿಗೆ ಇದು ಒಳ್ಳೆಯ ಪಾಠ. ಕೆಲಸ ಮಾಡುವವರನ್ನು ಕೇಳಿ ಬದುವಿನ ಮೇಲೆ ನಡೆಯಬೇಕು, ಗದ್ದೆಗೆ ಕಾಲಿಡಬಾರದು.

ಅಲ್ಲಿಂದ ತದಡಿ. ಬೆಳಿಗ್ಗೆ ಬೋಟು ಬಂದ ಹೊತ್ತಿಗೆ ಬಂದರಿಗೆ ಹೋದರೆ ಮೀನಿನ ವ್ಯಾಪಾರ ನೋಡಬಹುದು. ಎದುರಿನ ದಡ ಅಘನಾಶಿನಿ ಊರು. ಅಘನಾಶಿನಿ ನದಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟು ಇಲ್ಲ, ಶಿರಸಿ ಕಡೆ ಹುಟ್ಟಿ ಹರಿದು ಇಲ್ಲಿ ಸಮುದ್ರ ಸೇರುತ್ತದೆ. ಸಿಹಿನೀರು ಉಪ್ಪುನೀರು ಸೇರುವ ಈ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿಸಿದ್ದಾರೆ. ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಮಾನ್ಯತೆ. ಕಾಂಡ್ಲಾ ಗಿಡ, ಬಳಚು ಆರಿಸುವವರು, ವಲಸೆ ಹಕ್ಕಿ ಎಲ್ಲ ಒಂದೇ ಜಾಗದಲ್ಲಿ.

ಕುಮಟಾ ಕಡೆ ಹೊರಟವರು ಹೆದ್ದಾರಿ 66ರ ಬದಿಯ ಮಿರ್ಜಾನ್ ಕೋಟೆ ಬಿಡಬಾರದು. ಚಿರೆಕಲ್ಲಿನ ಕೋಟೆ, ಮಳೆಗಾಲದಲ್ಲಿ ಪೂರ್ತಿ ಹಸಿರು ಹಾವಸೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಇಲ್ಲಿಂದ ಕಾಳುಮೆಣಸಿನ ವ್ಯಾಪಾರ ನಡೆಸಿದಳು, ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತಲೇ ಕರೆದರು.

ಇನ್ನೂ ಸಮಯ ಇದ್ದರೆ ಯಾಣ. ಕಾಡಿನ ನಡುವೆ ಎದ್ದು ನಿಂತ ಕಪ್ಪು ಸುಣ್ಣಕಲ್ಲಿನ ಬಂಡೆಗಳು, ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಹತ್ತಿರದಲ್ಲೇ ವಿಭೂತಿ ಜಲಪಾತ. ಗೋಕರ್ಣದಿಂದ ಹೋಗಿ ಬರಲು ಒಂದು ದಿನವೇ ಬೇಕು, “ಮಧ್ಯಾಹ್ನ ಊಟ ಮಾಡಿ ಹೋಗಿ ಬರ್ತೀವಿ” ಅನ್ನುವವರನ್ನು ತಡೆಯಿರಿ.

ತಿನ್ನಲು ಏನು ಕೊಡೋಣ?

ಪೇಟೆಯ ಪಿಜ್ಜಾ ಅವರಿಗೆ ಅಲ್ಲಿಯೂ ಸಿಗುತ್ತದೆ. ಮುರುಗಲು ಪಾನಕ, ತಂಬುಳಿ, ಅಪ್ಪೆಹುಳಿ ಸಿಗುವುದಿಲ್ಲ. ಮೀನು ತಿನ್ನುವವರಿಗೆ ಬಂಗುಡೆ ಸಾರು, ಬಳಚಿನ ಸುಕ್ಕಾ. ಕಟ್ಟಿಸಿಕೊಂಡು ಹೋಗಲು ತೊಡದೇವು. ಬೇಸಿಗೆಯಲ್ಲಿ ಬಂದರೆ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ನೇತು ಹಾಕಿದ ಕುಮಟಾದ ಸಿಹಿ ಈರುಳ್ಳಿ. ಹೆಸರು ಹೇಳಿ ಮಾರಿದರೆ ಕೊಳ್ಳುತ್ತಾರೆ, ಸುಮ್ಮನೆ ಇಟ್ಟರೆ ನೋಡಿ ಹೋಗುತ್ತಾರೆ.

ಇನ್ನು ಮುಖ್ಯ ವಿಷಯ: ಸಮುದ್ರ ಎಳೆಯುವುದು ಹೇಗೆ?

2024ರ ಡಿಸೆಂಬರ್‌ನಲ್ಲಿ ಭಟ್ಕಳ ತಾಲೂಕಿನ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ಕು ಹೆಣ್ಣುಮಕ್ಕಳು ನೀರುಪಾಲಾದರು. ಅದು ಮಳೆಗಾಲ ಅಲ್ಲ, ಸಮುದ್ರ ಶಾಂತ ಅಂತ ನಾವೇ ಹೇಳುವ ತಿಂಗಳು. ಆಮೇಲೆ ಬೀಚಿಗೆ ಪ್ರವೇಶ ಬಂದ್ ಆಯಿತು, ಸೀಸನ್ನಿನಲ್ಲೇ ಅಂಗಡಿಗಳು ಖಾಲಿ ಹೊಡೆದವು. ಅಂಗಡಿ ಮತ್ತೆ ತುಂಬುತ್ತದೆ, ಆ ಮಕ್ಕಳು ಬರುವುದಿಲ್ಲ.

ಇಂಥದ್ದು ನಡೆದಾಗಲೆಲ್ಲ “ಸುಳಿಗೆ ಸಿಕ್ಕಿ ಸಾವು” ಅಂತ ನಾವೂ ಬರೆಯುತ್ತೇವೆ. ಹೆಚ್ಚಿನ ಸಲ ಅದು ಸುಳಿ ಅಲ್ಲ, ಸೆಳೆತ. ಎರಡಕ್ಕೂ ವ್ಯತ್ಯಾಸ ಇದೆ. ಅಲೆಗಳು ದಡಕ್ಕೆ ತಂದು ಸುರಿದ ನೀರು ಮತ್ತೆ ಸಮುದ್ರಕ್ಕೆ ಹೋಗಲೇಬೇಕು. ಮರಳಿನ ದಿಬ್ಬದಲ್ಲಿ ಎಲ್ಲಿ ತಗ್ಗು ಇದೆಯೋ, ಬಂಡೆಯ ಬದಿ ಎಲ್ಲಿದೆಯೋ ಅಲ್ಲಿ ಸಣ್ಣ ಹೊಳೆಯ ಹಾಗೆ ಒಟ್ಟಾಗಿ ಹೊರಗೆ ಹರಿಯುತ್ತದೆ. ಅದು ಮನುಷ್ಯನನ್ನು ಕೆಳಗೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಜೋರಿದ್ದಾಗ ಪಳಗಿದ ಈಜುಗಾರನಿಗೂ ಎದುರು ಈಜಲು ಆಗುವುದಿಲ್ಲ. ದಡ ಕಾಣುತ್ತಿದೆ ಅಂತ ನೇರ ದಡದ ಕಡೆಗೇ ಬಡಿದಾಡಿ, ಸುಸ್ತಾಗಿ ಮುಳುಗುತ್ತಾರೆ.

ಮೋಸ ಏನೆಂದರೆ ಸೆಳೆತ ಇರುವ ಜಾಗವೇ ನೋಡಲು ಶಾಂತ. ಎರಡೂ ಬದಿ ಬಿಳಿ ನೊರೆಯ ಅಲೆ ಒಡೆಯುತ್ತಿರುತ್ತದೆ, ನಡುವೆ ಅಲೆ ಒಡೆಯದ, ಸ್ವಲ್ಪ ಕಪ್ಪಾದ ಪಟ್ಟಿ. “ಇಲ್ಲಿ ಅಲೆ ಕಡಿಮೆ, ಮಕ್ಕಳನ್ನು ಇಲ್ಲೇ ಇಳಿಸೋಣ” ಅಂತ ಹೊರಗಿನವರು ಸರಿಯಾಗಿ ಅಲ್ಲಿಗೇ ಹೋಗುತ್ತಾರೆ. ನಮ್ಮ ಓಂ ಬೀಚಿನಂಥ ಬಂಡೆ ಇರುವ ಕಡೆ ಬಂಡೆಯ ಮಗ್ಗುಲು ಯಾವಾಗಲೂ ಅನುಮಾನದ ಜಾಗ. ಗಂಗಾವಳಿ, ಅಘನಾಶಿನಿ ಅಳಿವೆಗಳಲ್ಲಿ ಇಳಿತದ ಹೊತ್ತಿಗೆ ಹೊಳೆ ನೀರೂ ಸೇರಿ ಎಳೆಯುತ್ತದೆ, ಅಮಾವಾಸ್ಯೆ ಹುಣ್ಣಿಮೆ ಹತ್ತಿರ ಇನ್ನೂ ಜೋರು. ಅಳಿವೆಯಲ್ಲಿ ಈಜುವುದು ಬೇಡವೇ ಬೇಡ.

ಸಿಕ್ಕಿಕೊಂಡರೆ, ಕಂಡರೆ

ಸೆಳೆತಕ್ಕೆ ಸಿಕ್ಕವರು ಎದುರು ಈಜಬಾರದು. ಅಂಗಾತ ತೇಲುತ್ತಾ ಕೈ ಎತ್ತಿ ಕೂಗಬೇಕು. ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಅಲೆ ಒಡೆಯುವ ಕಡೆಯಿಂದ ದಡಕ್ಕೆ ಬರಬೇಕು. ಸೆಳೆತದ ಪಟ್ಟಿ ಸಾಮಾನ್ಯವಾಗಿ ಅಗಲ ಇರುವುದಿಲ್ಲ.

ದಡದಲ್ಲಿದ್ದವರು ಹಿಂದೆ ಮುಂದೆ ನೋಡದೆ ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋದ ಸುದ್ದಿ ನಾವೇ ಎಷ್ಟೋ ಓದಿದ್ದೇವೆ. ಲೈಫ್‌ಗಾರ್ಡ್‌ನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ, ತೇಲುವ ವಸ್ತು ಎಸೆಯಿರಿ. ಮುಚ್ಚಳ ಬಿಗಿ ಮಾಡಿದ 20 ಲೀಟರಿನ ಖಾಲಿ ನೀರಿನ ಕ್ಯಾನ್ ಹಿಡಿದುಕೊಂಡು ಒಬ್ಬ ಮನುಷ್ಯ ತೇಲಬಹುದು.

ಮೇಲೆ ತಂದ ಮೇಲೆ ಹೊಟ್ಟೆ ಒತ್ತುವುದು, ತಲೆಕೆಳಗು ಮಾಡಿ ತಿರುಗಿಸುವುದು ತಪ್ಪು. ಹೊಟ್ಟೆಯ ನೀರು ಬಾಯಿಗೆ ಬಂದು ಶ್ವಾಸಕೋಶಕ್ಕೆ ಹೋಗುತ್ತದೆ. ಉಸಿರು ಇಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ಆಮೇಲೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು, 30 ಸಲ ಒತ್ತಿ 2 ಸಲ ಉಸಿರು. 108 ಬರುವ ತನಕ ನಿಲ್ಲಿಸಬಾರದು. ಎಚ್ಚರ ಬಂದವರನ್ನೂ ಆಸ್ಪತ್ರೆಗೆ ಕಳಿಸಲೇಬೇಕು, ಉಸಿರಾಟದ ತೊಂದರೆ ಕೆಲವು ಗಂಟೆ ಬಿಟ್ಟು ಶುರುವಾಗಬಹುದು.

ಮಳೆಗಾಲದಲ್ಲಿ ಬಂದರೆ?

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳೇ ಕಡಲಿಗೆ ಇಳಿಯುವುದಿಲ್ಲ. ಆ ನಿಷೇಧ ಇರುವುದು ಮೀನು ಮರಿ ಮಾಡುವ ಕಾಲ ಅಂತ, ಆದರೆ ಪ್ರವಾಸಿಗರಿಗೆ ವಿವರಿಸಲು ಒಳ್ಳೆಯ ಉದಾಹರಣೆ: ಹುಟ್ಟಿದಾಗಿನಿಂದ ಸಮುದ್ರ ನೋಡಿದವರೇ ಮನೆಯಲ್ಲಿದ್ದಾರೆ, ನೀವು ಯಾಕೆ ಇಳಿಯುತ್ತೀರಿ? ಮಳೆಗಾಲಕ್ಕೆ ಬಂದವರಿಗೆ ದೇವಸ್ಥಾನ, ಮಿರ್ಜಾನ್ ಕೋಟೆ ತೋರಿಸಿ. ಸಮುದ್ರವನ್ನು ದೂರದಿಂದ ನೋಡಲಿ.

ನಾವು ಮಾಡಬಹುದಾದ್ದು

ಕುಡ್ಲೆಗೆ ಇಳಿಯುವ ದಾರಿಯಲ್ಲಿ ಎಳನೀರು ಮಾರುವ ಒಬ್ಬರು ಗಿರಾಕಿಗಳಿಗೆ ಚಿಲ್ಲರೆ ವಾಪಸ್ ಕೊಡುವಾಗ ಒಂದು ಮಾತು ಸೇರಿಸುತ್ತಾರೆ: “ತಮ್ಮಾ, ಬಂಡೆ ಬದಿಗೆ ಇಳೀಬೇಡಿ. ಸೊಂಟಕ್ಕಿಂತ ಮೇಲೆ ನೀರು ಬೇಡ.” ಕೆಲವರು ನಗುತ್ತಾರೆ, ಕೆಲವರು ಕೇಳಿಸಿಕೊಳ್ಳುತ್ತಾರೆ. “ಹತ್ತು ಜನರಲ್ಲಿ ಇಬ್ಬರು ಕೇಳಿದ್ರೂ ಸಾಕು ಮಾರಾಯ” ಅನ್ನುತ್ತಾರೆ ಅವರು.

ಬೋರ್ಡುಗಳು ಇವೆ, ಲೈಫ್‌ಗಾರ್ಡ್‌ಗಳು ಇದ್ದಾರೆ. ಆದರೆ ಇಷ್ಟು ಉದ್ದದ ದಡಕ್ಕೆ ಅವರ ಕಣ್ಣು ಸಾಲುವುದಿಲ್ಲ. ಹೋಮ್‌ಸ್ಟೇಯವರು ಕೀ ಕೊಡುವಾಗ, ಆಟೋದವರು ಇಳಿಸುವಾಗ, ಅಂಗಡಿಯವರು ಚಿಲ್ಲರೆ ಕೊಡುವಾಗ ಒಂದೊಂದು ಮಾತು ಹೇಳಬಹುದು. ಕೆಂಪು ಬಾವುಟ ಇದ್ದರೆ ನೀರಿಗೆ ಇಳಿಯಬೇಡಿ, ಕುಡಿದು ಇಳಿಯಲೇಬೇಡಿ, ಮಕ್ಕಳ ಕೈ ಬಿಡಬೇಡಿ. ದಡದ ಅಂಗಡಿಯವರು ಒಂದು ಖಾಲಿ ಕ್ಯಾನಿಗೆ 20 ಮೀಟರ್ ನೈಲಾನ್ ಹಗ್ಗ ಕಟ್ಟಿ, ಕೈಗೆ ಸಿಗುವ ಹಾಗೆ ಮೊಳೆಗೆ ನೇತು ಹಾಕಿಡಿ. ಖರ್ಚು ಹೆಚ್ಚಿಲ್ಲ. ಬಳಸುವ ದಿನ ಬಾರದಿರಲಿ.